ಖಾಕಿ ಎದೆಯ ಬಣ್ಣದ ಪಟ್ಟಿ: ಎಡಕ್ಕೋ, ಬಲಕ್ಕೋ, ಪೆಟ್ಟಿಗೆಯೊಳಕ್ಕೋ?

ಆಗಸ್ಟ್ 15, ನವೆಂಬರ್ 1, ಡಿಸೆಂಬರ್ 6, ಜನವರಿ 26. ಈ ನಾಲ್ಕು ತಾರೀಖುಗಳ ಹಿಂದಿನ ಸಂಜೆ ಯಾವ ಜಿಲ್ಲಾ ಕೇಂದ್ರದ ಇಸ್ತ್ರಿ ಅಂಗಡಿಗೆ ಹೋದರೂ ಖಾಕಿ ಬಟ್ಟೆಯ ರಾಶಿ ಕಾಣುತ್ತದೆ. ಪೊಲೀಸರದ್ದು ಒಂದಿಷ್ಟು, ಗೃಹರಕ್ಷಕ ದಳದವರದ್ದು ಇನ್ನೊಂದಿಷ್ಟು. ಬೆಳಗಾದರೆ ಮೈದಾನದಲ್ಲಿ ಕವಾಯತು. ಮಂತ್ರಿಗಳು ಬರುತ್ತಾರೆ, ಡಿ.ಸಿ. ಸಾಹೇಬರು ಬರುತ್ತಾರೆ, ಬ್ಯಾಂಡ್ ಬಾರಿಸುತ್ತದೆ. ಗರಿಗರಿ ಖಾಕಿ, ಮಿರಮಿರ ಮಿಂಚುವ ಬೂಟು. ಅಲ್ಲಿವರೆಗೆ ಎಲ್ಲಾ ಸರಿ.

ಸ್ವಲ್ಪ ಹತ್ತಿರ ಹೋಗಿ ಎದೆಯ ಕಡೆ ಕಣ್ಣು ಹಾಯಿಸಿ. ಒಬ್ಬರ ಪದಕ ಬಲಗಡೆ ನೇತಾಡುತ್ತಿದೆ. ಇನ್ನೊಬ್ಬರು ಪದಕವನ್ನೂ ಹಾಕಿದ್ದಾರೆ, ಅದೇ ಪದಕದ ರಿಬ್ಬನ್ ಪಟ್ಟಿಯನ್ನೂ ಮೇಲೆ ಚುಚ್ಚಿದ್ದಾರೆ. ಮತ್ತೊಬ್ಬರ ಜೇಬಿನ ಮೇಲೆ ಸರ್ಕಾರದ ಪದಕದ ಪಕ್ಕದಲ್ಲೇ ಯಾವುದೋ ಕ್ಲಬ್ಬಿನ ಬಿಲ್ಲೆ. ಸಾಲಿನ ಕೊನೆಯಲ್ಲಿ ನಿಂತ ನರೆಗೂದಲಿನ ಮನುಷ್ಯನ ಎದೆ ಮಾತ್ರ ಬೋಳು. ಕೇಳಿದರೆ, "ಮೆಡಲ್ ಐತೆ ಸಾರ್, ಮನೆ ಟ್ರಂಕಲ್ಲಿದೆ. ಹೆಂಗೆ ಹಾಕ್ಬೇಕೋ ಏನೋ, ಯಾಕೆ ಬೇಕು ಅಂತ ಬಿಟ್ಟೆ" ಅನ್ನುವ ಉತ್ತರ.

ಎರಡು ಬೆರಳಗಲದ ರಿಬ್ಬನ್ನಿಗೆ ಇಷ್ಟೊಂದು ರಾದ್ಧಾಂತವೇ ಅಂತ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟೇ: ಆ ರಿಬ್ಬನ್ ಅಲಂಕಾರವಲ್ಲ, ಅದೊಂದು ಲೆಕ್ಕದ ಪುಸ್ತಕ. ಇಲ್ಲದ ಜಮಾ ಬರೆಯುವುದೂ ತಪ್ಪು, ಇದ್ದ ಜಮಾ ಮುಚ್ಚಿಡುವುದೂ ತಪ್ಪು. ಅಂಗಡಿ ನಡೆಸುವವರಿಗೆ ಈ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಸಂಬಳವಿಲ್ಲದ ಖಾಕಿ

ಮೊದಲು ಈ ಗೃಹರಕ್ಷಕರು ಯಾರು ಅನ್ನುವುದನ್ನು ನೋಡೋಣ. ಬಸ್ ಸ್ಟ್ಯಾಂಡಿನಲ್ಲಿ ನೂಕುನುಗ್ಗಲು ತಡೆಯುವವರು, ಜಾತ್ರೆ ತೇರಿನ ಮುಂದೆ ಹಗ್ಗ ಹಿಡಿದು ನಿಲ್ಲುವವರು, ಚುನಾವಣೆ ದಿನ ಮತಗಟ್ಟೆಯ ಬಾಗಿಲಲ್ಲಿ ಇರುವವರು, ರಾತ್ರಿ ಬೀಟಿನಲ್ಲಿ ಪೊಲೀಸ್ ಪೇದೆಯ ಜೊತೆ ನಿಮ್ಮ ಅಂಗಡಿಯ ಬೀಗ ಜಗ್ಗಿ ನೋಡಿ ಹೋಗುವವರು. ಹಗಲು ಇವರಲ್ಲಿ ಒಬ್ಬ ದರ್ಜಿ, ಒಬ್ಬ ಆಟೋ ಓಡಿಸುವವ, ಒಬ್ಬ ಕಿರಾಣಿ ಅಂಗಡಿಯವ, ಒಬ್ಬಾಕೆ ಹೊಲಿಗೆ ಕಲಿಸುವವಳು. ಕರೆ ಬಂದರೆ ಖಾಕಿ ತೊಟ್ಟು ಹೊರಡಬೇಕು. ಜಿಲ್ಲೆಯ ಸಮಾದೇಷ್ಟರ ಹುದ್ದೆಯೂ ಗೌರವ ಹುದ್ದೆಯೇ.

1946ರ ಡಿಸೆಂಬರ್ 6ರಂದು ಆಗಿನ ಮುಂಬಯಿ ಪ್ರಾಂತ್ಯದಲ್ಲಿ, ಕೋಮು ಗಲಭೆಯ ಕಾಲದಲ್ಲಿ ಪೊಲೀಸರಿಗೆ ಹೆಗಲು ಕೊಡಲು ಈ ದಳ ಹುಟ್ಟಿತು. ಅದಕ್ಕೇ ಡಿಸೆಂಬರ್ 6 ಇವರ ಹುಟ್ಟುಹಬ್ಬ. 1962ರಲ್ಲಿ ಚೀನಾ ದಾಳಿಯಾದ ಮೇಲೆ, ರಾಜ್ಯಗಳಲ್ಲಿ ಬೇರೆ ಬೇರೆ ಹೆಸರಲ್ಲಿದ್ದ ಸ್ವಯಂಸೇವಕ ಪಡೆಗಳನ್ನೆಲ್ಲ ಒಂದೇ ಹೆಸರಿನಡಿ ತರುವಂತೆ ಕೇಂದ್ರ ಹೇಳಿತು. ನಮ್ಮ ರಾಜ್ಯದ ಗೃಹರಕ್ಷಕ ಕಾಯಿದೆಯೂ 1962ರದ್ದೇ. ದಳದ ಧ್ಯೇಯವಾಕ್ಯ ಎರಡೇ ಪದ: ನಿಷ್ಕಾಮ ಸೇವೆ.

ನಿಷ್ಕಾಮ ಅಂದರೆ ನಿಜವಾಗಿಯೂ ನಿಷ್ಕಾಮ. ತಿಂಗಳ ಸಂಬಳವಿಲ್ಲ, ನಿವೃತ್ತಿ ವೇತನವಿಲ್ಲ. ಡ್ಯೂಟಿ ಮಾಡಿದ ದಿನಕ್ಕೆ ಭತ್ಯೆ, ಅಷ್ಟೆ. ಆ ಭತ್ಯೆಯೂ ಪೊಲೀಸ್ ಪೇದೆಯ ಕನಿಷ್ಠ ಸಂಬಳದ ಲೆಕ್ಕಕ್ಕೆ ಸರಿಹೊಂದಬೇಕು ಅಂತ ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ಹೇಳಬೇಕಾಯಿತು. ನೌಕರಿ ಕಾಯಂ ಮಾಡಿ ಎಂಬ ಬೇಡಿಕೆಯನ್ನು ಮಾತ್ರ ಕೋರ್ಟು ಒಪ್ಪಲಿಲ್ಲ, ಇದು ಸ್ವಯಂಸೇವೆ ಎಂದಿತು.

ಹೀಗಿರುವಾಗ ಈ ಮನುಷ್ಯನಿಗೆ ಇಪ್ಪತ್ತು ವರ್ಷದ ದುಡಿಮೆಗೆ ಸಿಗುವುದೇನು? ಒಂದು ಪದಕ, ಒಂದು ತುಂಡು ರಿಬ್ಬನ್. ಅದೂ ಎಲ್ಲರಿಗೂ ಸಿಗುವುದಿಲ್ಲ. ಬ್ಯಾಂಕಿನಲ್ಲಿ ಅಡವಿಟ್ಟರೆ ಹತ್ತು ರೂಪಾಯಿ ಹುಟ್ಟದ ಆ ತುಂಡಿನ ಬೆಲೆ ಪೂರ್ತಿಯಾಗಿ ಇರುವುದು ಒಂದೇ ಒಂದು ನಂಬಿಕೆಯಲ್ಲಿ: ಗಳಿಸಿದವನು ಮಾತ್ರ ಇದನ್ನು ತೊಡುತ್ತಾನೆ ಎಂಬ ನಂಬಿಕೆಯಲ್ಲಿ.

ಬಟ್ಟೆ ಬರುವ ಮೊದಲು ಪಟ್ಟಿ ಬಂತು

'ಹೋಂ ಗಾರ್ಡ್' ಎಂಬ ಹೆಸರು ನಮಗೆ ಬಂದಿದ್ದು ಇಂಗ್ಲೆಂಡಿನಿಂದ. 1940ರ ಮೇ 14ರ ರಾತ್ರಿ, ಹಿಟ್ಲರನ ಸೈನ್ಯ ಯುರೋಪನ್ನು ನುಂಗುತ್ತಾ ಬರುತ್ತಿದ್ದಾಗ, ಮಂತ್ರಿ ಆಂಥೋನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟ: ಸೈನ್ಯದಲ್ಲಿಲ್ಲದ ಗಂಡಸರು ಊರು ಕಾಯಲು ಮುಂದೆ ಬನ್ನಿ. ಜನ ಮುಗಿಬಿದ್ದರು. ಕೊಡಲು ಬಂದೂಕು ಸಾಲದು, ತೊಡಿಸಲು ಸಮವಸ್ತ್ರವಿಲ್ಲ. ಮೊದಲು ಸಿಕ್ಕಿದ್ದು ತೋಳಿಗೆ ಕಟ್ಟುವ ಒಂದು ಪಟ್ಟಿ. ಅದರ ಮೇಲೆ ಮೂರು ಅಕ್ಷರ: ಎಲ್.ಡಿ.ವಿ. 'ಸ್ಥಳೀಯ ರಕ್ಷಣಾ ಸ್ವಯಂಸೇವಕರು' ಎಂಬುದರ ಇಂಗ್ಲಿಷ್ ಗಿಡ್ಡ ರೂಪ. ಜುಲೈ ತಿಂಗಳಲ್ಲಿ ಚರ್ಚಿಲ್ ಹಟ ಹಿಡಿದು 'ಹೋಂ ಗಾರ್ಡ್' ಎಂದು ಹೆಸರು ಬದಲಾಯಿಸಿದ.

ಬಂದೂಕಿಗೂ ಮೊದಲು ಬಟ್ಟೆ ಪಟ್ಟಿ ಯಾಕೆ? ಶೋಕಿಗಲ್ಲ. 1907ರ ಹೇಗ್ ಒಪ್ಪಂದದ ಪ್ರಕಾರ ಸ್ವಯಂಸೇವಕ ಹೋರಾಟಗಾರರನ್ನು ಸೈನಿಕರಂತೆ ಕಾಣಬೇಕಾದರೆ ಅವರ ಮೈಮೇಲೆ ದೂರದಿಂದ ಗುರುತು ಹಿಡಿಯಬಹುದಾದ ಖಾಯಂ ಚಿಹ್ನೆ ಇರಬೇಕು. ಚಿಹ್ನೆಯಿಲ್ಲದೆ ಬಂದೂಕು ಹಿಡಿದು ಸಿಕ್ಕಿಬಿದ್ದರೆ ಯುದ್ಧಕೈದಿಯ ರಕ್ಷಣೆ ಸಿಗುವ ಖಾತ್ರಿ ಇಲ್ಲ, ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯಬಹುದು. ತೋಳಿನ ಮೇಲಿನ ಆ ಗೇಣು ಬಟ್ಟೆ ಜೀವ ಉಳಿಸುವ ಕಾಗದಪತ್ರವಾಗಿತ್ತು.

ಸ್ವಯಂಸೇವಕರ ಸಮವಸ್ತ್ರ ನಮ್ಮ ನಾಡಿಗೂ ಹೊಸತಲ್ಲ. 1923ರಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳಕ್ಕೆ ಬುನಾದಿ ಹಾಕಿದವರು ನಮ್ಮ ಡಾ. ನಾ. ಸು. ಹರ್ಡೀಕರರು. ಹುಬ್ಬಳ್ಳಿಯೇ ಅದರ ತವರು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಜನಸಾಗರವನ್ನು ಸಂಭಾಳಿಸಿದ್ದು ಈ ಸ್ವಯಂಸೇವಕರ ಶಿಸ್ತು. ಮಹಿಳಾ ವಿಭಾಗದ ಮುಂದಾಳು ಉಮಾಬಾಯಿ ಕುಂದಾಪುರ. ಬಟ್ಟೆ ಒಂದೇ ತೆರನಾಗಿದ್ದರೆ ಗುಂಪು ದಳವಾಗುತ್ತದೆ ಎಂಬ ಪಾಠ ನಮಗೆ ಅಂದೇ ಆಗಿದೆ.

ಬಣ್ಣಕ್ಕೂ ಬಾಯಿ ಇದೆ

ರಿಬ್ಬನ್ನಿನ ಬಣ್ಣಗಳನ್ನು ಯಾರೋ ಚೆಂದಕ್ಕೆ ಆರಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಹೋಂ ಗಾರ್ಡಿನಲ್ಲಿ ಮೂರು ವರ್ಷ ದುಡಿದವರಿಗೆ ಯುದ್ಧ ಮುಗಿದ ಮೇಲೆ 'ಡಿಫೆನ್ಸ್ ಮೆಡಲ್' ಕೊಟ್ಟರು. ಅದರ ರಿಬ್ಬನ್ ನೋಡಿ. ನಡುವೆ ಬೆಂಕಿಯ ಬಣ್ಣ: ಬಾಂಬಿನ ದಾಳಿ. ಎರಡು ಅಂಚಿನಲ್ಲಿ ಹಸಿರು: ದಾಳಿಗೆ ಸಿಕ್ಕ ಹಸಿರು ನೆಲ. ಹಸಿರಿನೊಳಗೆ ಕೂದಲೆಳೆಯಂಥ ಕಪ್ಪು ಗೆರೆ: ದೀಪ ಆರಿಸಿ ಕತ್ತಲಲ್ಲಿ ಕಳೆದ ರಾತ್ರಿಗಳು. ಐದು ವರ್ಷದ ಕಥೆ ಒಂದೂಕಾಲು ಅಂಗುಲದಲ್ಲಿ.

ನಮ್ಮಲ್ಲೂ ಹಾಗೆಯೇ. ಪರಮವೀರ ಚಕ್ರದ ರಿಬ್ಬನ್ ಬರೀ ನೇರಳೆ, ಒಂದು ಗೆರೆಯೂ ಇಲ್ಲ. ಮಹಾವೀರ ಚಕ್ರಕ್ಕೆ ಅರ್ಧ ಬಿಳಿ, ಅರ್ಧ ಕಿತ್ತಳೆ. ಅಶೋಕ ಚಕ್ರಕ್ಕೆ ಹಸಿರಿನ ನಡುವೆ ಕಿತ್ತಳೆ ಗೆರೆ. ಬಲ್ಲವನು ಹತ್ತು ಮಾರು ದೂರದಿಂದಲೇ ಓದಿಕೊಂಡುಬಿಡುತ್ತಾನೆ: ಈತ ಏನು ಮಾಡಿದ, ಯಾವ ದರ್ಜೆಯ ಕೆಲಸ ಮಾಡಿದ. ಹೀಗಾಗಿ ಗೊತ್ತಿಲ್ಲದೆ ಚುಚ್ಚಿಕೊಂಡ ಒಂದು ರಿಬ್ಬನ್ ಸಹ ಸಭೆಯಲ್ಲಿ ಗಟ್ಟಿಯಾಗಿ ಹೇಳಿದ ಸುಳ್ಳಿಗೆ ಸಮ.

ಗೃಹರಕ್ಷಕರಿಗೆ ಏನೇನು ಸಿಗಬಹುದು? ನೀರಿಗೆ ಬಿದ್ದವರನ್ನು, ಬೆಂಕಿಗೆ ಸಿಕ್ಕವರನ್ನು ಪ್ರಾಣದ ಹಂಗು ತೊರೆದು ಉಳಿಸಿದರೆ ಜೀವನ ರಕ್ಷಾ ಪದಕ. 1961ರಲ್ಲಿ ಶುರುವಾದ ಈ ಪದಕದಲ್ಲಿ ಸರ್ವೋತ್ತಮ, ಉತ್ತಮ, ಸಾದಾ ಎಂದು ಮೂರು ದರ್ಜೆ. ಇದಕ್ಕೆ ಖಾಕಿಯೇ ಬೇಕೆಂದಿಲ್ಲ, ನಿಮಗೂ ನನಗೂ ಸಿಗಬಹುದು. ಇನ್ನು ಶೌರ್ಯಕ್ಕೆ, ಸೇವೆಗೆ ಕೇಂದ್ರ ಕೊಡುವ ಪದಕಗಳು. ಹಿಂದೆ ಪೊಲೀಸ್, ಅಗ್ನಿಶಾಮಕ, ಗೃಹರಕ್ಷಕ ಮತ್ತು ಪೌರರಕ್ಷಣೆ, ಕಾರಾಗೃಹ ಹೀಗೆ ಇಲಾಖೆಗೊಂದು ಬಗೆಯಂತೆ ಒಟ್ಟು 16 ಪದಕಗಳಿದ್ದವು. ಅವನ್ನೆಲ್ಲ ಸೇರಿಸಿ ನಾಲ್ಕೇ ಪದಕ ಮಾಡಿ, 2024ರ ಗಣರಾಜ್ಯೋತ್ಸವಕ್ಕೆ ಹೊಸ ಹೆಸರಲ್ಲಿ ಪ್ರಕಟಿಸಿದರು: ರಾಷ್ಟ್ರಪತಿಗಳ ಶೌರ್ಯ ಪದಕ, ಶೌರ್ಯ ಪದಕ, ರಾಷ್ಟ್ರಪತಿಗಳ ವಿಶಿಷ್ಟ ಸೇವಾ ಪದಕ, ಶ್ಲಾಘನೀಯ ಸೇವಾ ಪದಕ. ಅಂದರೆ ಎಸ್ಪಿ ಸಾಹೇಬರ ಎದೆಗೆ ಬರುವ ಪದಕವೂ ನಮ್ಮೂರ ದರ್ಜಿಯ ಎದೆಗೆ ಬರುವ ಪದಕವೂ ಈಗ ಒಂದೇ. ಇದು ಸಣ್ಣ ಮಾತಲ್ಲ.

ಎಲ್ಲಿ ಚುಚ್ಚಬೇಕು, ಹೇಗೆ ಚುಚ್ಚಬೇಕು?

ಸೈನ್ಯದಿಂದ ಪೊಲೀಸಿಗೆ, ಪೊಲೀಸಿನಿಂದ ಗೃಹರಕ್ಷಕ ದಳಕ್ಕೆ ಇಳಿದು ಬಂದ ಪದ್ಧತಿ ಕಷ್ಟದ್ದೇನಲ್ಲ. ಒಂದು ಸಲ ತಲೆಗೆ ಹೋದರೆ ಮರೆಯುವ ಹಾಗಿಲ್ಲ.

ಒಂದು: ಪದಕದ ಜಾಗ ಎಡ ಎದೆ, ಜೇಬಿನ ಮೇಲ್ಭಾಗ. ಬಲಗಡೆ ಹೆಸರಿನ ಫಲಕಕ್ಕೆ. ಎಡ ಅಂದರೆ ತೊಟ್ಟವನ ಎಡ, ಎದುರು ನಿಂತು ನೋಡುವವನ ಎಡವಲ್ಲ. ಕನ್ನಡಿ ಮುಂದೆ ನಿಂತು ಗೊಂದಲ ಮಾಡಿಕೊಳ್ಳುವವರು ಹೃದಯದ ಕಡೆ ಅಂತ ನೆನಪಿಟ್ಟುಕೊಂಡರೆ ಸಾಕು.

ಎರಡು: ಒಂದಕ್ಕಿಂತ ಹೆಚ್ಚಿದ್ದರೆ ಹಿರಿಯದು ಒಳಗೆ, ಅಂದರೆ ಅಂಗಿಯ ಗುಂಡಿ ಸಾಲಿಗೆ ಹತ್ತಿರ. ಕಿರಿಯದು ಹೊರಗೆ, ತೋಳಿನ ಕಡೆ. ಎರಡು ಸಾಲಾದರೆ ಹಿರಿಯದು ಮೇಲಿನ ಸಾಲಿಗೆ. ಯಾವುದು ಹಿರಿಯದು ಎಂದು ತೀರ್ಮಾನಿಸುವುದು ತೊಟ್ಟವನಲ್ಲ, ಸರ್ಕಾರದ ಪಟ್ಟಿ. ಮೊದಲು ಸಿಕ್ಕಿದ್ದು ಹಿರಿಯದಾಗುವುದಿಲ್ಲ, ದೊಡ್ಡದಾಗಿ ಹೊಳೆಯುವುದು ಹಿರಿಯದಾಗುವುದಿಲ್ಲ. ದೇಶದ ಪಟ್ಟಿಯಲ್ಲಿ ಭಾರತ ರತ್ನ ಮೊದಲು, ಆಮೇಲೆ ಪರಮವೀರ ಚಕ್ರ, ಆಮೇಲೆ ಅಶೋಕ ಚಕ್ರ. ಹೀಗೆ ಕೊನೆಯವರೆಗೂ ಪ್ರತಿ ಪದಕಕ್ಕೂ ಒಂದು ಜಾಗವಿದೆ. ಅನುಮಾನವಿದ್ದರೆ ದಳದ ಕಚೇರಿಯಲ್ಲಿ ಕೇಳಬೇಕು.

ಮೂರು: ಕವಾಯತು, ಧ್ವಜಾರೋಹಣದಂಥ ವಿಧ್ಯುಕ್ತ ಸಮಾರಂಭಕ್ಕೆ ಪದಕ. ದಿನದ ಡ್ಯೂಟಿಗೆ ಬರೀ ರಿಬ್ಬನ್ ಪಟ್ಟಿ. ಒಂದೇ ಪದಕದ ಎರಡನ್ನೂ ಒಟ್ಟಿಗೆ ಹಾಕುವುದು ಒಂದೇ ಬಿಲ್ಲನ್ನು ಎರಡು ಸಲ ವಸೂಲಿ ಮಾಡಿದ ಹಾಗೆ. ಸಂತೆಯಲ್ಲಿ ಟ್ರಾಫಿಕ್ ನೋಡಿಕೊಳ್ಳುವವನ ಎದೆಯಲ್ಲಿ ಪದಕ ನೇತಾಡುವುದೂ ಸಲ್ಲದು. ಎತ್ತಿನ ಕೊಂಬಿಗೋ ಯಾರ ಚೀಲಕ್ಕೋ ಸಿಕ್ಕಿ ಹೋಯಿತು ಅಂದರೆ ಹೋಯಿತು.

ನಾಲ್ಕು: ರಿಬ್ಬನ್ ಮಾಸಿದ್ದರೆ, ಎಳೆ ಬಿಟ್ಟಿದ್ದರೆ ಬದಲಾಯಿಸಿ. ಒಗೆಯುವ ಮೊದಲು ಪಟ್ಟಿ ಬಿಚ್ಚಿಡಿ, ಬಣ್ಣ ಬಿಟ್ಟು ಖಾಕಿಗೆ ಹತ್ತಿದರೆ ಎರಡೂ ಹಾಳು. ಹಿತ್ತಾಳೆಗೆ ಹಾಕುವ ಬ್ರಾಸೋವನ್ನು ಪದಕಕ್ಕೆ ದಿನಾ ತಿಕ್ಕಬೇಡಿ. ಮೇಲಿನ ಅಕ್ಷರವೇ ಸವೆದುಹೋದ ಪದಕ ಇಟ್ಟುಕೊಂಡು ಏನು ಮಾಡುತ್ತೀರಿ?

ಐದು: ಸೀರೆಯ ಸಮವಸ್ತ್ರ ಉಡುವ ಸಂಸ್ಥೆಗಳ ಹೆಣ್ಣುಮಕ್ಕಳಿಗೆ ಒಂದು ಮಾತು. ಸೆರಗು ಬರುವುದೂ ಎಡಕ್ಕೇ, ಪದಕ ಬರುವುದೂ ಎಡಕ್ಕೇ. ನೆರಿಗೆಯನ್ನು ಮೊದಲು ಭುಜಕ್ಕೆ ಭದ್ರವಾಗಿ ಪಿನ್ ಮಾಡಿ, ಅದರ ಮೇಲೆ ಪದಕ ಹಾಕಿ. ಸೆರಗಿನಡಿ ಮುಚ್ಚಿಹೋದ ಪದಕ ಹಾಕಿಯೂ ಹಾಕದ ಹಾಗೆ.

ಆರು: ಖಾಕಿಯ ಮೇಲೆ ದಳಕ್ಕೆ ಸಂಬಂಧವಿಲ್ಲದ ಏನೂ ಇರಬಾರದು. ಕ್ಲಬ್ಬಿನ ಪಿನ್ನು, ಸಂಘದ ಬಿಲ್ಲೆ, ಪಕ್ಷದ ಚಿಹ್ನೆ, ನೆಚ್ಚಿನ ನಟನ ಫೋಟೋ ಯಾವುದೂ ಬೇಡ. ಅವಕ್ಕೆಲ್ಲ ಬೇರೆ ಅಂಗಿ ಇದೆ. ಇನ್ನು ಅರ್ಧ ಖಾಕಿ ಅರ್ಧ ಲುಂಗಿಯಲ್ಲಿ ಟೀ ಅಂಗಡಿ ಮುಂದೆ ಕೂರುವ ವಿಚಾರ. ತೊಟ್ಟರೆ ಪೂರ್ತಿ ತೊಡಿ, ಇಲ್ಲ ಅಂದರೆ ಪೂರ್ತಿ ಬಿಡಿ.

ಶಾಲು, ಹಾರ, ಪೇಟ

ನಮ್ಮೂರ ಸಭೆಗಳ ವ್ಯವಸ್ಥಾಪಕರ ಪ್ರೀತಿ ಇನ್ನೊಂದು ತೊಂದರೆ. ಸನ್ಮಾನ ಅಂದರೆ ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪದಕ ಪಡೆದ ಗೃಹರಕ್ಷಕನನ್ನು ವೇದಿಕೆಗೆ ಕರೆಯುತ್ತಾರೆ. ಮೇಲೆ ಶಾಲು ಹೊದಿಸಿದರೆ ಪದಕ ಮುಚ್ಚಿತು. ಟೋಪಿ ತೆಗೆಸಿ ಪೇಟ ಇಟ್ಟರೆ ಆತ ಸೆಲ್ಯೂಟ್ ಹೊಡೆಯುವುದು ಹೇಗೆ? ನಮ್ಮ ಪಡೆಗಳ ಪದ್ಧತಿಯಲ್ಲಿ ಸಮವಸ್ತ್ರದ ಟೋಪಿ ಇಲ್ಲದ ತಲೆಯಲ್ಲಿ ಸೆಲ್ಯೂಟ್ ಇಲ್ಲ, ಸಾವಧಾನ್ ನಿಲ್ಲುವುದಷ್ಟೆ. ಬುಟ್ಟಿ ಕೈಗೆ ಕೊಟ್ಟರಂತೂ ಅದೂ ಇಲ್ಲ.

ಯಾವ ಪದಕಕ್ಕಾಗಿ ಸನ್ಮಾನವೋ ಅದೇ ಪದಕ ಫೋಟೋದಲ್ಲಿ ಕಾಣುವುದಿಲ್ಲ! ವ್ಯವಸ್ಥಾಪಕರು ಒಂದು ಕೆಲಸ ಮಾಡಬಹುದು. ಸಮವಸ್ತ್ರದಲ್ಲಿ ಬಂದವರಿಗೆ ಶಾಲನ್ನು ಮಡಚಿ ಕೈಗೆ ಕೊಡಿ, ಹಾರವನ್ನೂ ಕೈಗೇ ಕೊಡಿ. ಪ್ರಶಸ್ತಿಪತ್ರವನ್ನು ಗಟ್ಟಿಯಾಗಿ ಓದಿ: ಯಾವ ಇಸವಿ, ಯಾವ ಊರು, ಏನು ಮಾಡಿದರು. ಮುನ್ನೂರು ರೂಪಾಯಿ ಶಾಲಿಗಿಂತ ಆ ಮೂರು ಸಾಲು ಹೆಚ್ಚು ಬಾಳುತ್ತದೆ.

ಪೂರ್ತಿ ಪೊಲೀಸಿನವರ ಹಾಗೇ ಕಾಣಬೇಕು ಎಂಬ ಆಸೆಯೂ ಕೆಲವರಿಗೆ ಇದೆ. ಅಮೆರಿಕದ ಕೋಸ್ಟ್ ಗಾರ್ಡಿಗೆ 1939ರಲ್ಲಿ ಹುಟ್ಟಿದ ಒಂದು ಸಹಾಯಕ ಪಡೆ ಇದೆ. ಸಂಬಳವಿಲ್ಲದ ಸ್ವಯಂಸೇವಕರು, ಸ್ವಂತ ದೋಣಿ ತಂದು ಕಡಲ ಕಾವಲಿಗೆ ನೆರವಾಗುವವರು. ಅವರ ವಿಧ್ಯುಕ್ತ ಉಡುಪು ಕಾಯಂ ಅಧಿಕಾರಿಗಳದ್ದರಂತೆಯೇ. ಆದರೆ ಅಲ್ಲಿ ಚಿನ್ನದ ಬಣ್ಣದ ಗುಂಡಿ ಇದ್ದರೆ ಇಲ್ಲಿ ಬೆಳ್ಳಿ ಬಣ್ಣದ ಗುಂಡಿ, ಭುಜದ ಬಿಲ್ಲೆಯಲ್ಲಿ ಸಹಾಯಕ ಎಂಬುದನ್ನು ಸೂಚಿಸುವ 'ಎ' ಅಕ್ಷರ. ನಾವು ಬೇರೆ, ಸಂಬಳಕ್ಕಲ್ಲ ಬಂದಿದ್ದು ಅಂತ ಆ ಬೆಳ್ಳಿ ಗುಂಡಿ ಹೇಳುತ್ತದೆ. ನಮ್ಮ ಗೃಹರಕ್ಷಕರ ಭುಜದ ಮೇಲಿನ ಹೆಸರೂ ಅದನ್ನೇ ಹೇಳುವುದು. ಅದನ್ನು ಮರೆಮಾಡಿ ಪೊಲೀಸ್ ಅನ್ನಿಸಿಕೊಳ್ಳುವುದರಲ್ಲಿ ಲಾಭವಿಲ್ಲ, ನಷ್ಟವಿದೆ.

ಇಲ್ಲದ್ದನ್ನು ಚುಚ್ಚಿಕೊಂಡರೆ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಒಂದು ಪದಕ ಬಂದವನಿಗೆ ಎರಡನೆಯದರ ಮೇಲೆ ಕಣ್ಣು. ರಿಬ್ಬನ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಯಾರು ನೋಡ್ತಾರೆ ಬಿಡು ಅಂತ ಒಂದು ತುಂಡು ಜಾಸ್ತಿ.

ಯಾರು ನೋಡುತ್ತಾರೆ ಎಂಬುದಕ್ಕೆ ಅಡ್ಮಿರಲ್ ಜೆರೆಮಿ ಬೂರ್ಡಾ ಅವರ ಕಥೆ ಕೇಳಿ. ಅಮೆರಿಕದ ನೌಕಾಪಡೆಗೆ ಸಾಮಾನ್ಯ ನಾವಿಕನಾಗಿ ಸೇರಿ ಅದರ ಅತ್ಯುನ್ನತ ಹುದ್ದೆಗೆ ಏರಿದ ಮೊದಲಿಗ. ಅವರ ಎರಡು ರಿಬ್ಬನ್‌ಗಳ ಮೇಲೆ 'ವಿ' ಆಕಾರದ ಚಿಕ್ಕ ಹಿತ್ತಾಳೆ ಬಣ್ಣದ ಚಿಹ್ನೆ ಇರುತ್ತಿತ್ತು, ಕಾಳಗದಲ್ಲಿ ಗಳಿಸಿದ್ದು ಎಂಬ ಅರ್ಥದ್ದು. ಅವನ್ನು ತೊಡುವ ಹಕ್ಕು ಅವರಿಗಿದೆಯೇ ಎಂಬ ಪ್ರಶ್ನೆ ಎದ್ದಿತು. ಅವರು ಅವನ್ನು ತೆಗೆದಿಟ್ಟು ಆಗಲೇ ವರ್ಷವಾಗುತ್ತಾ ಬಂದಿತ್ತು. 1996ರ ಮೇ 16ರಂದು ಪತ್ರಕರ್ತರು ಅದೇ ವಿಚಾರ ಕೇಳಲು ಬರುವವರಿದ್ದರು. ಅವರು ಬರುವ ಮೊದಲೇ ಬೂರ್ಡಾ ಜೀವ ಕಳೆದುಕೊಂಡರು. ಅವರಿಗೆ ಹಕ್ಕಿತ್ತೋ ಇಲ್ಲವೋ ಎಂಬ ವಾದ ಆಮೇಲೂ ವರ್ಷಗಟ್ಟಲೆ ನಡೆಯಿತು. ಉಗುರಿನಷ್ಟೂ ಇಲ್ಲದ ಎರಡು ಲೋಹದ ಚೂರು. ಅದಕ್ಕಾಗಿ ಒಂದು ಜೀವ ಹೋಗಬೇಕಾಗಿರಲಿಲ್ಲ. ಆದರೆ ಎದೆಯ ಮೇಲಿನ ಚಿಹ್ನೆಗೆ ಎಷ್ಟು ತೂಕ ಎಂಬುದು ಎಲ್ಲರಿಗೂ ಗೊತ್ತಾಯಿತು.

ಕಾನೂನಿನ ಮಾತೂ ಇದೆ. ಸರ್ಕಾರಿ ನೌಕರನೆಂದು ಜನ ನಂಬಲಿ ಎಂಬ ದುರುದ್ದೇಶದಿಂದ ಆ ವರ್ಗದವರ ಉಡುಪು ತೊಟ್ಟರೆ, ಗುರುತಿನ ಚಿಹ್ನೆ ಹಾಕಿಕೊಂಡರೆ ಮೂರು ತಿಂಗಳವರೆಗೆ ಸಜೆ. ಹಳೆಯ ದಂಡ ಸಂಹಿತೆಯ 171ನೇ ಕಲಮಿನಲ್ಲಿ ದಂಡ 200 ರೂಪಾಯಿವರೆಗೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 205ನೇ ಕಲಮಿನಲ್ಲಿ ಅದು 5,000 ರೂಪಾಯಿವರೆಗೆ ಏರಿದೆ. ಸಜೆಯೂ ಆಗಬಹುದು, ದಂಡವೂ ಆಗಬಹುದು, ಎರಡೂ ಆಗಬಹುದು. ಶಾಲಾ ನಾಟಕದಲ್ಲಿ ಇನ್ಸ್‌ಪೆಕ್ಟರ್ ಪಾತ್ರ ಹಾಕುವ ಹುಡುಗ ಹೆದರಬೇಕಿಲ್ಲ, ಅಲ್ಲಿ ಮೋಸದ ಉದ್ದೇಶವಿಲ್ಲ. ರಾತ್ರಿ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಲು ಖಾಕಿ ತೊಡುವವನು ಹೆದರಬೇಕು.

ಬಟ್ಟೆ ಅಂಗಡಿಯವರೂ ಸ್ವಲ್ಪ ಕಿವಿಗೊಡಬೇಕು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಸೈನ್ಯದ ಉಡುಪು ತೊಟ್ಟು ಬಂದಿದ್ದರು. ಆಮೇಲೆ, ಸೈನ್ಯದ ಮಾದರಿಯ ಬಟ್ಟೆ ಮಾರಬೇಡಿ, ಜನರೂ ತೊಡಬೇಡಿ ಎಂದು ಸೇನೆಯೇ ಮನವಿ ಮಾಡಿತು. 2022ರಲ್ಲಿ ಬಂದ ಹೊಸ ಯುದ್ಧ ಉಡುಪಿನ ವಿನ್ಯಾಸದ ಹಕ್ಕನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡೂ ಇದೆ. ಒಂದು ಮೀಟರ್ ರಿಬ್ಬನ್ ಕತ್ತರಿಸುವ ಮೊದಲು "ಯಾವ ದಳ? ಕಾರ್ಡ್ ತೋರಿಸಿ" ಅಂತ ಕೇಳಿದರೆ ಗಿರಾಕಿ ಹೋಗುವುದಿಲ್ಲ. ನಿಜವಾದ ಗಿರಾಕಿ ಸಂತೋಷಪಡುತ್ತಾನೆ.

ಜನ ಮಾತು ಕೇಳುವುದು ಯಾಕೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರೆ. ಸಮವಸ್ತ್ರಕ್ಕೆ ಈ ಗಾದೆ ನೂರಕ್ಕೆ ನೂರು ಸಲ್ಲುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಿದ್ದು, 2019ರ ಆಗಸ್ಟಿನಲ್ಲಿ ಬೆಳಗಾವಿ ಕಡೆ ಊರಿಗೆ ಊರೇ ನೀರಲ್ಲಿ ನಿಂತಿದ್ದು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ "ಈ ಕಡೆ ಬರಬೇಡಿ, ಆ ಕಡೆ ಹೋಗಿ" ಎಂದು ಸಾದಾ ಅಂಗಿಯವನು ಕೂಗಿದರೆ "ನೀನ್ಯಾರಯ್ಯಾ?" ಅನ್ನುತ್ತೇವೆ. ಖಾಕಿ ಕೂಗಿದರೆ ಕಾಲು ತಾನಾಗಿ ಹಿಂದೆ ಬರುತ್ತದೆ. ಡ್ಯೂಟಿಗೆ ಕರೆಸಿಕೊಂಡ ಗೃಹರಕ್ಷಕನಿಗೆ ಕಾಯಿದೆ ಪೊಲೀಸರಿಗಿರುವ ಅಧಿಕಾರ, ರಕ್ಷಣೆ ಎರಡನ್ನೂ ಕೊಟ್ಟಿದೆ, ನಿಜ. ಆದರೆ ನೆರೆ ನೀರಿನ ಮುಂದೆ ಯಾರೂ ಕಾಯಿದೆ ಪುಸ್ತಕ ತೆರೆಯುವುದಿಲ್ಲ. ಜನ ನೋಡುವುದು ಅಂಗಿ, ಬಿಲ್ಲೆ, ಎದೆ.

ಆ ಅರೆಕ್ಷಣದ ನಂಬಿಕೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಪ್ರತಿ ಕವಾಯತಿನಲ್ಲಿ, ಪ್ರತಿ ಬಸ್ ಸ್ಟ್ಯಾಂಡಿನಲ್ಲಿ ಜನ ನೋಡಿ ನೋಡಿ ಕಟ್ಟಿಕೊಂಡಿದ್ದು ಅದು. ಬಿಚ್ಚಿದ ಗುಂಡಿ, ಓರೆ ಬೆಲ್ಟು, ಬೇಕಾಬಿಟ್ಟಿ ಚುಚ್ಚಿದ ರಿಬ್ಬನ್ ಒಂದೊಂದೂ ಅದರಿಂದ ಒಂದು ಇಟ್ಟಿಗೆ ಕೀಳುತ್ತದೆ.

ಟ್ರಂಕಿನಲ್ಲಿ ಇಟ್ಟವರಿಗೆ

ಕೊನೆಯದಾಗಿ, ಪದಕ ಗಳಿಸಿಯೂ ಪೆಟ್ಟಿಗೆಯಲ್ಲಿ ಇಟ್ಟವರಿಗೆ ಒಂದು ಮಾತು. ನಮ್ಮಲ್ಲಿ ದೊಡ್ಡವರು ಗೌರವವನ್ನು ಬೇಡ ಎಂದ ಉದಾಹರಣೆ ಇದೆ. ಮೇಲೆ ಹೇಳಿದ ಉಮಾಬಾಯಿ ಕುಂದಾಪುರ ಅವರು ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ಗೌರವ, ಪಿಂಚಣಿಗಳನ್ನು ದೂರವಿಟ್ಟು ಹುಬ್ಬಳ್ಳಿಯ ಚಿಕ್ಕ ಮನೆಯಲ್ಲೇ ಬಾಳಿ, 1992ರಲ್ಲಿ ಕಣ್ಣು ಮುಚ್ಚಿದರು. ಅದು ಅವರು ತಿಳಿದು ಮಾಡಿದ ಆಯ್ಕೆ. ಅದಕ್ಕೆ ಕೈಮುಗಿಯೋಣ.

ಆದರೆ ನಾಚಿಕೆಯಿಂದ, ಗೊತ್ತಿಲ್ಲದೆ, "ನಂದೇನ್ ಮಹಾ" ಅಂತ ಟ್ರಂಕಿನಲ್ಲಿ ಇಡುವುದು ಬೇರೆ. ಗೃಹರಕ್ಷಕನ ಪದಕ ಅವನೊಬ್ಬನದಲ್ಲ. ರಾತ್ರಿ ಡ್ಯೂಟಿಗೆ ಹೋದಾಗ ಬೆಳಗಿನ ಅಂಗಡಿ ಬಾಗಿಲು ತೆರೆದ ಹೆಂಡತಿಯದು, ಜ್ವರ ಬಂದ ಮಗುವನ್ನು ಒಬ್ಬಳೇ ಆಸ್ಪತ್ರೆಗೆ ಒಯ್ದ ತಾಯಿಯದು, ಪಕ್ಕದಲ್ಲಿ ನಿಂತು ಪದಕ ಸಿಗದೆ ಹೋದ ಜೊತೆಗಾರನದು. ಇವರೆಲ್ಲ ಮೈದಾನದ ಬೇಲಿಯಾಚೆ ನಿಂತು ನೋಡುವಾಗ ಆ ಎದೆ ಬೋಳಾಗಿದ್ದರೆ ಅವರ ಪಾಲೂ ಅಳಿಸಿಹೋಯಿತು. ದಳಕ್ಕೆ ಸೇರಲೋ ಬೇಡವೋ ಅಂತ ಯೋಚಿಸುತ್ತಿರುವ ಹುಡುಗನಿಗೂ ಬೋಳು ಎದೆ ಏನನ್ನೂ ಹೇಳುವುದಿಲ್ಲ.

ದಳದ ಅಧಿಕಾರಿಗಳು ಕವಾಯತಿನ ಹಿಂದಿನ ದಿನ ಅರ್ಧ ಗಂಟೆ ಇದಕ್ಕೇ ಇಡಲಿ. ಬೂಟು ನೋಡುವ ಹಾಗೆ ಎದೆಯನ್ನೂ ನೋಡಲಿ. ಬಲಕ್ಕಿದ್ದದ್ದನ್ನು ಎಡಕ್ಕೆ ತರಲಿ, ಹೆಚ್ಚಿದ್ದದ್ದನ್ನು ಬಿಚ್ಚಿಸಲಿ, ಟ್ರಂಕಿನಲ್ಲಿದ್ದದ್ದನ್ನು ಮನೆಗೆ ಕಳಿಸಿ ತರಿಸಲಿ. ಖರ್ಚು ಒಂದು ಪಿನ್ನು.

ನಾವು, ಅಂದರೆ ಬಸ್ಸಿಗೆ ಕಾಯುವವರು ಮತ್ತು ಅಂಗಡಿಯಲ್ಲಿ ಕೂತವರು, ಮಾಡಬೇಕಾದ್ದೂ ಒಂದಿದೆ. ಖಾಕಿ ತೊಟ್ಟವನ ಎದೆಯ ಮೇಲೆ ಬಣ್ಣದ ಪಟ್ಟಿ ಕಂಡರೆ ಒಂದು ಸಲ ಕೇಳಿ: "ಇದು ಯಾವುದಕ್ಕೆ ಬಂದಿದ್ದು, ಸಾರ್?" ಗಳಿಸಿದವನ ಮುಖ ಅರಳುತ್ತದೆ, ಕಥೆ ಶುರುವಾಗುತ್ತದೆ, ನಿಮ್ಮ ಬಸ್ ಬರುವವರೆಗೆ ಹೊತ್ತು ಹೋಗುತ್ತದೆ. ಗಳಿಸದವನು ಮುಂದಿನ ಸಲ ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಾನೆ.